ಲೌಂಜಿನೊಳಗೆ ಒಬ್ಬರಿಗೆ ಮಾತ್ರ

೧
ಎಲ್ಲಿಂದ ಶುರು ಮಾಡಲಿ? ಅಮ್ಮನ ಮದುವೆಯಿಂದ ಶುರು ಮಾಡಿದರೆ ನೀವು ಸೀದಾ ಮದುವೆ ಮನೆಗೇ ಹೋಗಿ ಕೂರುತ್ತೀರಿ. ವಿಮಾನ ನಿಲ್ದಾಣದ ಕಡೆ ತಿರುಗಿಯೂ ನೋಡುವುದಿಲ್ಲ. ವಿಮಾನದಿಂದ ಶುರು ಮಾಡಿ ಒಂದು ಪುಟ ಬರೆದೆ. ಮೋಡಗಳ ವರ್ಣನೆ ಬಂತು. ಹರಿದು ಹಾಕಿದೆ.

ಹಾಗಾಗಿ, ವಿಮಾನ ನಿಲ್ದಾಣದ ಲೌಂಜಿನ ಬಾಗಿಲು. ಗಾಜಿನದು. ಒಳಗೆ ಮೆತ್ತನೆಯ ಕುರ್ಚಿಗಳು, ಹೊರಗೆ ಅಕ್ಕ ಮತ್ತು ತಂಗಿ. ಒಂದು ವಿಮಾನ ಇಳಿದಾಗಿದೆ, ಇನ್ನೊಂದು ಹತ್ತುವುದಕ್ಕೆ ಮಧ್ಯಾಹ್ನದವರೆಗೆ ಕಾಯಬೇಕು.

೨
ಅಕ್ಕನದು ಬಿಸಿನೆಸ್ ಕ್ಲಾಸ್ ಟಿಕೆಟ್, ತಂಗಿಯದು ಎಕಾನಮಿ. ಕಾರಣ ಅಮ್ಮ. ಅಪ್ಪ ತೀರಿಕೊಂಡ ಮೇಲೆ ಅವಳು ಪರದೇಶದ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಳೆ. ಈಗ ಅಲ್ಲಿಯೇ, ಕನ್ನಡಕದ ಅಂಗಡಿ ಇಟ್ಟಿರುವ ಒಬ್ಬರನ್ನು ಮದುವೆಯಾಗುತ್ತಿದ್ದಾಳೆ. ವಿಮಾನದಲ್ಲಿ ಓಡಾಡಿ ಕೂಡಿಸಿಟ್ಟಿದ್ದ ಮೈಲೇಜ್ ಪಾಯಿಂಟುಗಳಲ್ಲಿ ಬಿಸಿನೆಸ್ ಕ್ಲಾಸಿನ ಒಂದೇ ಟಿಕೆಟ್ ಬಂತು. ಅದನ್ನು ಮದುವೆಗೆ ಬರುವುದಿಲ್ಲ ಎಂದು ಹಟ ಹಿಡಿದಿದ್ದ ದೊಡ್ಡ ಮಗಳಿಗೆ ಕಳಿಸಿದಳು. ಬರುತ್ತೇನೆ ಎಂದವಳಿಗೆ ಕಿಟಕಿಯೂ ಇಲ್ಲದ ನಡುವಿನ ಸೀಟು.

ಕೌಂಟರಿನ ಹೆಂಗಸು ಅಕ್ಕನ ಬೋರ್ಡಿಂಗ್ ಪಾಸ್ ನೋಡಿ ನಕ್ಕಳು, ತಂಗಿಯದನ್ನು ನೋಡಿ ಇನ್ನೂ ಸ್ವಲ್ಪ ಹೆಚ್ಚೇ ನಕ್ಕಳು.

"ಈ ಟಿಕೆಟ್ಟಿಗೆ ಒಬ್ರಿಗೆ ಮಾತ್ರ ಮೇಡಂ. ಜೊತೆಯವರನ್ನ ಬಿಡೋ ಹಾಗಿಲ್ಲ."

"ನೀನು ಹೋಗಕ್ಕ," ಎಂದಳು ತಂಗಿ. "ನಾನು ಗೇಟ್ ಹತ್ರ ಕಾಲು ಚಾಚ್ಕೊಂಡು ಕೂತಿರ್ತೀನಿ."

ಅಕ್ಕ ಹೋದಳು.

(ಇಲ್ಲಿ ಅಕ್ಕ ನನ್ನನ್ನು ತಡೆದಳು. "ಆಸೆಗೆ ಹೋದೆ ಅನ್ನೋ ಹಾಗೆ ಬರೀತಿದ್ದೀಯಲ್ಲ? ಸೊಂಟ ಬಿದ್ದುಹೋಗಿತ್ತು ಅಂತ ಸೇರಿಸು." ಸೇರಿಸಿದ್ದೇನೆ. ದಿನವೆಲ್ಲ ಹೊಲಿಗೆ ಯಂತ್ರದ ಮುಂದೆ ಕೂರುವವಳ ಸೊಂಟ, ಸುಳ್ಳಲ್ಲ.)

೩
ಮೊದಲ ಕರಡಿನಲ್ಲಿ, ಲೌಂಜಿನಲ್ಲಿ ಅಕ್ಕನ ಪಕ್ಕದ ಕುರ್ಚಿಯಲ್ಲೇ ಆ ಕನ್ನಡಕದಂಗಡಿಯವರು ಕೂತಿದ್ದರು. ಇಬ್ಬರೂ ಪರಿಚಯವಿಲ್ಲದೆ ಮಾತಿಗಿಳಿಯುತ್ತಾರೆ, ಅಕ್ಕನ ಮನಸ್ಸು ಕರಗುತ್ತದೆ. ಓದಿ ನನಗೇ ನಾಚಿಕೆಯಾಯಿತು. ಆ ಮನುಷ್ಯನನ್ನು ಎಬ್ಬಿಸಿ ಅವರ ಅಂಗಡಿಗೆ ವಾಪಸ್ ಕಳಿಸಿದ್ದೇನೆ.

ನಿಜವಾಗಿ ಆದದ್ದು ಇಷ್ಟು. ಅಕ್ಕ ಬಿಸಿನೀರಲ್ಲಿ ಸ್ನಾನ ಮಾಡಿದಳು, ಸೂಪು ಕುಡಿದಳು, ಫೋನ್ ನೋಡಿದಳು. ಅಮ್ಮನ ಮೆಸೇಜ್: "ನೀವು ಬರೋಷ್ಟರಲ್ಲಿ ನಮ್ಮವರು ಅಡುಗೆ ಮಾಡಿಟ್ಟಿರ್ತಾರೆ."

ನಮ್ಮವರು. ಅಮ್ಮನ ಬಾಯಲ್ಲಿ ಆ ಮಾತಿಗೆ ಅಲ್ಲಿಯವರೆಗೆ ಒಂದೇ ಅರ್ಥವಿತ್ತು. ಅದು ಅಪ್ಪ.

ಅಕ್ಕ ಫೋನನ್ನು ಮಗುಚಿಟ್ಟು, ಎದ್ದು ಕೌಂಟರಿಗೆ ಹೋದಳು. "ನಾನು ವಾಪಸ್ ಹೋಗ್ಬೇಕು. ಟಿಕೆಟ್ ಬದಲಾಯಿಸ್ಬಹುದಾ?"

"ಇದನ್ನ ಬದಲಾಯಿಸ್ಬಹುದು ಮೇಡಂ. ಸಂಜೆ ಫ್ಲೈಟಲ್ಲಿ ಸೀಟ್ ಇದೆ."

ಗೇಟಿನ ಹತ್ತಿರ ಕೂತವಳಿಗೆ ಇಂಥ ಅನುಕೂಲವಿಲ್ಲ. ಬಿಸಿನೆಸ್ ಕ್ಲಾಸಿನವರು ಸಿಟ್ಟು ಮಾಡಿಕೊಂಡರೆ ವ್ಯವಸ್ಥೆಯೇ ನೆರವಾಗುತ್ತದೆ. (ಭಾಷಣ ಬೇಡ ಎನ್ನುತ್ತೀರಾ? ಸರಿ.)

ಕೀ ಒತ್ತುತ್ತಿದ್ದ ಹೆಂಗಸು ಕೈ ತಡೆದಳು. "ಬ್ಯಾಗ್‌ಗಳೆಲ್ಲ ನಿಮ್ಮ ಹೆಸರಲ್ಲೇ ಇವೆ. ಅವನ್ನೂ ಇಳಿಸ್ಬೇಕಾಗುತ್ತೆ."

ಬಿಸಿನೆಸ್‌ನವರಿಗೆ ಹೆಚ್ಚು ತೂಕ ಬಿಡುತ್ತಾರೆಂದು ತಂಗಿಯ ಬ್ಯಾಗನ್ನೂ ಅಕ್ಕನ ಹೆಸರಿಗೇ ಹಾಕಿದ್ದರು. ಅದರಲ್ಲಿ ಅಮ್ಮನ ಮದುವೆಯ ಬಟ್ಟೆಯಿತ್ತು.

"ಒಂದು ನಿಮಿಷ," ಎಂದಳು ಅಕ್ಕ.

೪
ಅಕ್ಕ ಫೋನ್ ಮಾಡಿ ವಿಷಯ ಹೇಳಿದ ಮೇಲೆ ತಂಗಿ ಬಾಗಿಲಿಗೆ ಬಂದಳು. ಒಬ್ಬಳು ಒಳಗೆ, ಒಬ್ಬಳು ಹೊರಗೆ, ನಡುವೆ ತಾನಾಗಿ ತೆರೆದು ಮುಚ್ಚುವ ಗಾಜು. ಇಬ್ಬರಲ್ಲಿ ಯಾರು ಅಲುಗಿದರೂ ಅದು ತೆರೆದುಕೊಳ್ಳುತ್ತಿತ್ತು. ಜಗಳಕ್ಕೆ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

"ಹೋಗು," ಎಂದಳು ತಂಗಿ. "ಬಟ್ಟೆ ಇಲ್ಲದಿದ್ರೆ ಅಮ್ಮ ಆಸ್ಪತ್ರೆ ಯೂನಿಫಾರ್ಮಲ್ಲೇ ಮದುವೆ ಆಗ್ತಾಳೆ."

"ನನ್ನನ್ನ ಒಂದು ಮಾತು ಕೇಳ್ಲಿಲ್ಲ ಕಣೆ ಅವಳು."

"ಕೇಳಿದ್ರೆ ಏನಂತಿದ್ದೆ?"

"ಬೇಡ ಅಂತಿದ್ದೆ."

"ಅದಕ್ಕೇ ಕೇಳ್ಲಿಲ್ಲ."

ಗಾಜು ಮುಚ್ಚಿತು. ತೆರೆಯಿತು.

"ಅಪ್ಪ ಹೋದ್ಮೇಲೆ ಅವಳು ಒಬ್ಳೇ ಹೇಗಿದ್ಲು ಅಂತ ನಾವಿಬ್ರೂ ಒಂದಿನ ಕೇಳಿದ್ವಾ ಅಕ್ಕ? ನಾನಂತೂ ಕೇಳ್ಲಿಲ್ಲ. ನಂಗೆ ಕೇಳೋಕೆ ಹೆದರಿಕೆ ಆಗ್ತಿತ್ತು."

ಅಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಬಟ್ಟೆ ಯಾರ ಹತ್ರ ಹೊಲಿಸ್ದೆ?" ಎಂದಳು.

"ನೀನು ಒಲ್ಲೆ ಅಂದ್ಯಲ್ಲ. ಮೂಲೆ ಅಂಗಡಿಯವನ ಹತ್ರ."

"ಅವನ ಹತ್ರಾನಾ? ಅವನಿಗೆ ಗುಂಡಿ ಹಾಕೋಕೂ ಬರಲ್ಲ!"

ಕೌಂಟರಿನ ಹೆಂಗಸು ಮೆಲ್ಲಗೆ ಕೇಳಿದಳು, "ಮೇಡಂ, ಕನ್ಫರ್ಮ್ ಮಾಡ್ಲಾ?"

"ಬೇಡ," ಎಂದು ಅಕ್ಕ ತನ್ನ ಚೀಲ ತಂದು ಹೊರಗೆ ಬಂದಳು. ಹತ್ತುವ ಹೊತ್ತಿನವರೆಗೂ ಗೇಟಿನ ಗಟ್ಟಿ ಕುರ್ಚಿಯಲ್ಲಿ ಕೂತು ಸೊಂಟಕ್ಕೂ ಅಮ್ಮನಿಗೂ ಸಮನಾಗಿ ಬೈದಳು.

೫
ಇಲ್ಲಿಗೆ ಮುಗಿಸಬಹುದಿತ್ತು. ಅಕ್ಕತಂಗಿ ಭುಜಕ್ಕೆ ಭುಜ ತಾಗಿಸಿ ಕೂತಿದ್ದಾರೆ, ನೀವು ಪುಸ್ತಕ ಮುಚ್ಚುತ್ತೀರಿ. ಇನ್ನೊಂದು ಮುಕ್ತಾಯದಲ್ಲಿ ಅಕ್ಕ ಸಂಜೆಯ ಫ್ಲೈಟ್ ಹತ್ತಿಯೇಬಿಡುತ್ತಾಳೆ. ಅದು ವಿಮರ್ಶಕರಿಗೆ ಇಷ್ಟವಾಗುತ್ತಿತ್ತು. ಆದರೆ ಅವರಿಬ್ಬರೂ ನನ್ನನ್ನು ಕೇಳದೆ ವಿಮಾನ ಹತ್ತಿ ಹೋಗಿ ಇಳಿದಿದ್ದಾರೆ.

ಅಮ್ಮ ಕಾಯುತ್ತಿದ್ದಳು. ಪಕ್ಕದಲ್ಲಿ ಅವರು, ಕನ್ನಡಕದಂಗಡಿಯವರು. ಫೋಟೋದಲ್ಲಿ ಕಂಡದ್ದಕ್ಕಿಂತ ಕುಳ್ಳಗಿದ್ದರು. ಮಾತಾಡಲು ತೋಚದೆ ಟ್ರಾಲಿ ಹಿಡಿದು ಮುಂದೆ ಮುಂದೆ ಹೊರಟುಬಿಟ್ಟರು, ಅದೂ ತಪ್ಪು ದಾರಿಯಲ್ಲಿ. ಕರೆದು ನಿಲ್ಲಿಸಬೇಕು. ಅವರ ಹಿಂದೆಯೇ ಇದ್ದವಳು ಅಕ್ಕ.

ಏನಂತ ಕರೆಯುವುದು? ನಾನು 'ಅಪ್ಪಾ' ಎಂದು ಬರೆದೆ. ಅಕ್ಕ ದುರುಗುಟ್ಟಿ ನೋಡಿದಳು. 'ಚಿಕ್ಕಪ್ಪ' ಅಂದರೆ ಅಪ್ಪನ ತಮ್ಮನಾಗಿಬಿಡುತ್ತಾರೆ. 'ಅಂಕಲ್' ಎಂದರೆ ಬಾಡಿಗೆ ಮನೆ ಮಾಲೀಕರನ್ನು ಕರೆದ ಹಾಗಿರುತ್ತದೆ. ಅವರು ಆಗಲೇ ಮೂಲೆ ತಿರುಗುತ್ತಿದ್ದರು.

"ರೀ! ಆ ಕಡೆ ಅಲ್ಲ ರೀ!" ಎಂದು ಕೂಗಿಬಿಟ್ಟಳು ಅಕ್ಕ.

ಅಮ್ಮ ಜೋರಾಗಿ ನಕ್ಕಳು. "ಹಾಗೆ ಕರಿಯೋಳು ನಾನು ಕಣೆ! ನೀನು ಬೇರೆ ಏನಾದ್ರೂ ಹುಡುಕ್ಕೋ."

ತಂಗಿ ನಕ್ಕಳು. ಅವರೂ ಟ್ರಾಲಿ ನಿಲ್ಲಿಸಿ ನಕ್ಕರು. ಅಕ್ಕ? ಗೊತ್ತಿಲ್ಲ. ನಾನು ನಿಂತಿದ್ದ ಕಡೆಯಿಂದ ಅವಳ ಮುಖ ಕಾಣುತ್ತಿರಲಿಲ್ಲ; ಅಮ್ಮ ಅಡ್ಡ ನಿಂತಿದ್ದಳು. ಸ್ವಲ್ಪ ಪಕ್ಕಕ್ಕೆ ಸರಿ ಅಂತ ಅಮ್ಮನಿಗೆ ಹೇಳೋಣವೆಂದುಕೊಂಡೆ. ಹೇಳಲಿಲ್ಲ.