ಮಠದಲ್ಲಿ ಮಾಡಿದ ಆಣೆ

ಅಫಜಲಪುರ ತಾಲೂಕಿನಲ್ಲಿ ಭೀಮಾ ದಂಡೆಯ ಒಂದೂರು. ಅಲ್ಲಿನ ಖೋಖೋ ತಂಡದಲ್ಲಿ ಸುಭದ್ರಾಬಾಯಿಯ ಮಗಳು ಹೀರಾಳನ್ನು ಮುಟ್ಟಿದವರಿಲ್ಲ. ಅಜ್ಜಿ ಕಥೆಯ ಜಿಂಕೆಯ ಹಾಗೆ, ಕಣ್ಣು ಪಿಳುಕಿಸುವಷ್ಟರಲ್ಲಿ ಕಂಬದ ಆಚೆಗಿರುತ್ತಿದ್ದಳು. ಜಿಲ್ಲಾ ಪಂದ್ಯಕ್ಕೆ ಎಂಟು ದಿನವಿರುವಾಗ ಅವಳು ಮೈದಾನಕ್ಕೆ ಹೋಗುವುದನ್ನೇ ಬಿಟ್ಟಳು.

ತಾಯಿ ಕೇಳಿ ಕೇಳಿ ಸಾಕಾದ ಮೇಲೆ ಹೀರಾ ಬಾಯಿಬಿಟ್ಟಳು. ಆಟ ಕಲಿಸುವ ದೌಲತರಾಯ ಎಲ್ಲರನ್ನೂ ಕಳಿಸಿ ಅವಳೊಬ್ಬಳನ್ನೇ ನಿಲ್ಲಿಸಿಕೊಳ್ಳುತ್ತಿದ್ದ.

"ಕಾಲು ತಿಕ್ಕತೇನಿ ಅಂತ ಮುಟ್ಟಬಾರದಂಗ ಮುಟ್ತಾನವ್ವ. ಯಾರಿಗರೆ ಹೇಳಿದ್ರ ತಂಡದಾಗಿಂದ ತೆಗಿತೇನಿ ಅಂದಾನ."

ಸುಭದ್ರಾಬಾಯಿಯ ಎದೆ ಉರಿಯಿತು. ಆದರೂ ಅವಳಿಗೆ ಹೊಳೆದದ್ದು ಊರ ಹಳೆಯ ದಾರಿಯೇ. "ಮಠಕ್ಕ ಕರಸೋಣ. ವಿಭೂತಿ ಮುಟ್ಟಿ ಆಣಿ ಮಾಡಲಿ, ಮಾತು ಅಲ್ಲೇ ಮುಗೀಲಿ. ನೀ ಇನ್ನ ಆಟಾ ಬಿಡು."

"ಆಂವ ಮಾಡಿದ್ದಕ್ಕ ನಾ ಯಾಕ ಬಿಡಲಿ?"

ಸುಭದ್ರಾಬಾಯಿ ಎದ್ದಳು. ಅಂಗನವಾಡಿಯ ಖುರ್ಷಿದಳ ಹತ್ತಿರ ಹೋಗಿ, ಸೆರಗು ಬಾಯಿಗಿಟ್ಟು ಎಲ್ಲ ಹೇಳಿದಳು. ಅಲ್ಲೇ ಜೋಳ ಹಸನು ಮಾಡುತ್ತಿದ್ದ ನೆರೆಮನೆಯ ಗುರಮ್ಮ ಕೈ ನಿಲ್ಲಿಸಿದಳು.

"ಆಣಿ ಮಾಡ್ತಾನ ತಂಗಿ. ಹೋದ ವರ್ಷ ನಮ್ಮ ಹುಡುಗಿ ಸಲುವಾಗೂ ಮಾಡಿದ್ದ. ಹಣಿ ತುಂಬ ವಿಭೂತಿ ಬಳಕೊಂಡು ಹೊರಗ ಬಂದ. ಇಜ್ಜತ್ ಉಳೀತು ಅಂತ ನಾವು ಸುಮ್ನಾದಿವಿ."

"ಆಕಿಗೆ ಹೊಟ್ಟಿನೋವು, ಅದಕ್ಕ ಆಟಾ ಬಿಟ್ಟಾಳ ಅಂದಿದ್ದಿಯಲ್ಲ ಬೇ?" ಎಂದಳು ಸುಭದ್ರಾಬಾಯಿ.

"ಅಂದಿದ್ದೆ. ಆಮ್ಯಾಲ ಹದಿನೈದಕ್ಕ ಲಗ್ನಾ ಮಾಡಿ ಕಳಿಸಿದೆ."

ಸುಭದ್ರಾಬಾಯಿ ಅವಳನ್ನೇ ನೋಡಿದಳು. ಆ ಮಾತು ಆಗಲೇ ಹೇಳಿದ್ದರೆ ಹೀರಾ ಆ ಮೈದಾನದಲ್ಲಿ ಒಬ್ಬಳೇ ನಿಲ್ಲುತ್ತಿರಲಿಲ್ಲ.

ಖುರ್ಷಿದ ಹಾಳೆ ತೆಗೆದಳು. "ಯಾವ ದಿನ, ಎಲ್ಲಿ, ಏನಂದ, ಹೀರಾ ಹೇಳಿದಂಗೇ ಬರೀತೇನಿ. ಒಂದು ಪೊಲೀಸರಿಗೆ, ಒಂದು ಕ್ರೀಡಾ ಇಲಾಖೆಗೆ."

"ಜನಾ ನಗ್ತಾರಲ್ಲ ಖುರ್ಷಿದ?"

"ನಗ್ತಾರ. ಇನ್ನೂ ಏನೇನೋ ಅಂತಾರ. ಆದ್ರ ಬರೆದಿದ್ದು ಕಾಯ್ದಾಕ್ಕ ಬೇಕಾಗ್ತದ. ಆಣಿ ಯಾರಿಗೆ ಬೇಕು?"

ಮನೆಯಲ್ಲಿ ಗಂಡ ಜಗದೇವಪ್ಪ "ಕೋರ್ಟು ಕಚೇರಿ ನಮಗ್ಯಾಕ" ಎಂದು ಗೊಣಗಿದ. ಗುರಮ್ಮನೇ ಬಂದು ಹೊಸ್ತಿಲಲ್ಲಿ ಕುಳಿತು ತನ್ನ ಮಗಳ ಕಥೆ ಹೇಳಿದಳು. ಕೇಳಿ ಎದ್ದವನು ರುಮಾಲು ಸುತ್ತಿಕೊಂಡ. "ನಡೀರಿ, ನಾನೂ ಬರ್ತೇನಿ."

ಪೊಲೀಸರು ಎರಡು ಸಲ ವಾಪಸ್ ಕಳಿಸಿದರು. ಮೂರನೆಯ ಸಲ ತಂಡದ ಎಲ್ಲ ಹುಡುಗಿಯರ ತಾಯಂದಿರೂ ಹೋಗಿ ಕುಳಿತರು, ಆಗ ಪೊಲೀಸರು ದೂರು ಬರೆದುಕೊಂಡರು. ದೌಲತರಾಯ ತಂಡದಿಂದ ಹೊರಬಿದ್ದ, ಅವನ ಮೇಲೆ ಕೇಸು ನಡೆದಿದೆ. ಆದರೂ ಊರ ಕೆಲವು ದೊಡ್ಡವರು ಇವತ್ತಿಗೂ ಅವನಿಗೆ ಕುರ್ಚಿ ಹಾಕುತ್ತಾರೆ, ಸುಭದ್ರಾಬಾಯಿಯ ಜೊತೆ ಮಾತು ಬಿಟ್ಟಿದ್ದಾರೆ. ಆ ವರ್ಷದ ಜಿಲ್ಲಾ ಪಂದ್ಯ ತಪ್ಪಿಯೇ ಹೋಯಿತು. ಹೀರಾ ಈಗ ಮತ್ತೆ ಆಡುತ್ತಾಳೆ. ದಿನಕ್ಕೊಬ್ಬ ತಾಯಿ ಮೈದಾನದಲ್ಲಿ ಕುಳಿತಿರುತ್ತಾಳೆ. ಗುರಮ್ಮನ ಮಗಳಿಗೆ ಆ ಮೈದಾನ ಮತ್ತೆ ಸಿಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಗಳು ಆಟ ಬೇಡವೆಂದರೆ ಯಾಕೆಂದು ಕೇಳಿ. ಹೇಳಿದ್ದನ್ನು ನಂಬಿ. ಅವಳನ್ನು ಮನೆಯಲ್ಲಿ ಕೂಡಿಸಬೇಡಿ, ತಪ್ಪು ಮಾಡಿದವನನ್ನು ಮೈದಾನದಿಂದ ಹೊರಗೆ ಕಳಿಸಿ. ಜೊತೆಯಾಗಿ ಹೋಗಿ ದೂರು ಬರೆದು ಕೊಡಿ. ದಾಖಲಾದ ದೂರಿನ ನಕಲು ಪುಕ್ಕಟೆ ಸಿಗುತ್ತದೆ, ಕೇಳಿ ಪಡೆಯಿರಿ. ನೀವು ಮುಚ್ಚಿಟ್ಟರೆ ಅವನು ಮುಂದೆ ಹುಡುಕುವ ಹುಡುಗಿ ನಿಮ್ಮ ನೆರೆಮನೆಯವಳು.