ಶರಣವ್ವ ಹೇಳದ ‘ಬೇಡ’

ಶರಣವ್ವನಿಗೆ ತನ್ನ ಕಾಯಿಲೆಯ ಹೆಸರು ಗೊತ್ತಿರಲಿಲ್ಲ. ಮನೆಯಲ್ಲಿ ಉಳಿದ ಎಲ್ಲರಿಗೂ ಗೊತ್ತಿತ್ತು.

ಅವಳು ಇದ್ದದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯಲ್ಲಿ, ಮಗ ಶಿವಶರಣನ ಮನೆಯಲ್ಲಿ. ಆಸ್ಪತ್ರೆಯಲ್ಲಿ ಡಾಕ್ಟರ ಇಂಗ್ಲಿಷನ್ನು ತಾಯಿಗೆ ಕನ್ನಡದಲ್ಲಿ ಹೇಳುವವನು ಅವನೇ. ಮೊದಲ ದಿನ ಡಾಕ್ಟರು ಹತ್ತು ನಿಮಿಷ ಮಾತಾಡಿದರು. ಶಿವಶರಣ ಹೇಳಿದ್ದು ಇಷ್ಟೇ:

“ಹೊಟ್ಟ್ಯಾಗ ಹುಣ್ಣು ಆಗ್ಯಾದವ್ವ. ಗುಳಿಗಿ ತಗೊಂಡ್ರ ಕಡಿಮಿ ಆಗ್ತದ.”

“ಇಷ್ಟು ಹೇಳಾಕ ಡಾಕ್ಟರಿಗೆ ಅಷ್ಟೊತ್ತು ಬೇಕಾತೇನು?”

“ಇಲ್ಲಿ ಮಂದಿ ಹಂಗ ಅವ್ವ. ಭಾಳ ಮಾತಾಡ್ತಾರ.”

ಶರಣವ್ವ ನಂಬಲಿಲ್ಲ, ಆದರೆ ಸುಮ್ಮನಾದಳು. ಅವಳು ಬಿಜಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೊಂಬತ್ತು ವರ್ಷ ಆಪರೇಟರ್ ಆಗಿದ್ದವಳು. ಕಿವಿಗೆ ಹೆಡ್‌ಫೋನು, ಮುಂದೆ ಬೋರ್ಡು, ಕೈಯಲ್ಲಿ ಊರೂರಿನ ತೂತಿಗೆ ಚುಚ್ಚುವ ವಯರು. ಸೊಲ್ಲಾಪುರ ಇಲ್ಲಿ, ಇಂಡಿ ಇಲ್ಲಿ, ಹುಬ್ಬಳ್ಳಿ ಮೇಲಿನ ಸಾಲಿನಲ್ಲಿ. ಮಳೆಗೆ ಲೈನು ಕೆಟ್ಟು ಮಾತು ಕೇಳಿಸದಿದ್ದರೆ ಆ ಕಡೆಯವರ ಮಾತನ್ನು ಈ ಕಡೆಯವರಿಗೆ ಅವಳೇ ಹೇಳುತ್ತಿದ್ದಳು. ಮದುವೆ ಗೊತ್ತಾದದ್ದು, ನೌಕರಿ ಸಿಕ್ಕಿದ್ದು, ಸತ್ತದ್ದು. ಆ ದಿನಗಳ ಮಾತು ಬಂದರೆ ಅವಳ ಬಲಗೈ ಈಗಲೂ ಗಾಳಿಯಲ್ಲಿ ವಯರು ಚುಚ್ಚುತ್ತಿತ್ತು.

ಎರಡು ತಿಂಗಳಲ್ಲಿ ನೋವು ಬೆನ್ನಿಗೆ ಇಳಿಯಿತು. ಕೂರಲಾಗದು, ಮಲಗಲಾಗದು. ಮನೆ ಹತ್ತಿರದ ಕೆರೆಯಂಥ ಲಗೂನಿನ ದಂಡೆಗೆ ನಡೆಯುವುದೂ ನಿಂತಿತು. ಅಲ್ಲಿ ದಿನವೂ ಜೊತೆಗೆ ನಡೆಯುತ್ತಿದ್ದ ಮಂಡ್ಯದ ಗೌರಮ್ಮ ಮನೆಗೇ ನೋಡಲು ಬಂದಳು.

“ಈ ನೋವಿಗಿಂತ ಹೋಗೂದ ಚಲೋ,” ಎಂದಳು ಶರಣವ್ವ.

“ಇಲ್ಲಿ ಅದ್ಕೂ ಕಾನೂನೈತಂತೆ ಕಣಕ್ಕ. ವಾಸಿಯಾಗ್ದಿರೋ ಕಾಯಿಲೆ ಇದ್ರೆ ಹೋಗ್ಬುಡೋಕೆ ಡಾಕ್ಟ್ರೇ ಔಷ್ದಿ ಬರ್ಕೊಡ್ತಾರಂತೆ.”

ಅಂದು ಸಂಜೆ ಮಗ ಆಫೀಸಿನಿಂದ ಬಂದ ಕೂಡಲೇ ಶರಣವ್ವ ಕೇಳಿದಳು: “ನನಗ ಆ ಔಷಧ ಕೊಡಸು.”

ಶಿವಶರಣನಿಗೆ ಗಾಬರಿಯಾಯಿತು. “ಏನ್ ಮಾತಾಡ್ತಿ ಅವ್ವ! ಹೊಟ್ಟಿ ಹುಣ್ಣಿಗೆಲ್ಲ ಅದನ್ನ ಕೊಡಂಗಿಲ್ಲ.”

“ಡಾಕ್ಟರನ್ನ ಕೇಳೋಣು ನಡಿ. ಕೊಡತೇನಿ ಅಂದ್ರ ಇದು ಹುಣ್ಣಲ್ಲ ಅಂತಾತು.”

ಸೊಸೆ ವಿಜಯಶ್ರೀ ಮರುದಿನ ಆಸ್ಪತ್ರೆಗೆ ಫೋನ್ ಮಾಡಿದಳು. ಇಂಥ ಕೋರಿಕೆಗೆ ಮನೆಯವರು ದುಭಾಷಿ ಆಗುವಂತಿಲ್ಲ, ಕನ್ನಡ ಬಲ್ಲವರನ್ನು ನಾವೇ ಕರೆಸುತ್ತೇವೆ ಎಂದರು.

ಹಾಗೆ ಬಂದವರು ಪದ್ಮಜಾ. ಬೆಂಗಳೂರಿನವರು. ಶಿವಶರಣ ಅವರನ್ನು ಡಾಕ್ಟರ ಕೋಣೆಯ ಬಾಗಿಲಲ್ಲೇ ತಡೆದ.

“ಮೇಡಂ, ಕ್ಯಾನ್ಸರ್ ಅನ್ನೋ ವರ್ಡ್ ಮಾತ್ರ ಬೇಡ. ನಮ್ಮವ್ವ ತಡ್ಕೊಳ್ಳಲ್ಲ.”

“ಸಾರ್, ಡಾಕ್ಟರ್ ಏನ್ ಹೇಳ್ತಾರೋ ಅದನ್ನೇ ನಾನು ಹೇಳ್ಬೇಕು. ಸೇರ್ಸೋ ಹಾಗೂ ಇಲ್ಲ, ಬಿಡೋ ಹಾಗೂ ಇಲ್ಲ. ಅವರಿಗೆ ಎಷ್ಟು ತಿಳ್ಕೋಬೇಕು ಅಂತ ಅವರನ್ನೇ ಕೇಳ್ತಾರೆ.”

ಒಳಗೆ ಡಾಕ್ಟರು ಮೊದಲು ಕೇಳಿದ್ದೂ ಅದನ್ನೇ.

“ಎಲ್ಲಾ ಹೇಳ್ರಿ,” ಎಂದಳು ಶರಣವ್ವ.

ಡಾಕ್ಟರು ಹೇಳಿದರು, ಪದ್ಮಜಾ ಕನ್ನಡದಲ್ಲಿ ಹೇಳಿದರು. ಇದು ಮೇದೋಜೀರಕ ಗ್ರಂಥಿಯ ಕ್ಯಾನ್ಸರು, ವಾಸಿಯಾಗುವುದಿಲ್ಲ, ಉಳಿದಿರುವುದು ಕೆಲವು ತಿಂಗಳು. ಸಾಯಲು ಔಷಧ ಕೇಳುವ ಹಕ್ಕು ನಿಮಗಿದೆ. ನೀವೇ ಬಾಯಿಬಿಟ್ಟು ಎರಡು ಸಲ ಕೇಳಬೇಕು, ನಡುವೆ ಎರಡು ದಿನವಾದರೂ ಇರಬೇಕು. ಸಾಕ್ಷಿಗಳ ಮುಂದೆ ಬರೆದೂ ಕೊಡಬೇಕು. ಇನ್ನೊಬ್ಬ ಡಾಕ್ಟರು ನೋಡಬೇಕು. ಔಷಧವನ್ನು ನೀವೇ ಕುಡಿಯಬೇಕು. ಕೈಗೆ ಬಂದ ಮೇಲೂ ಬೇಡ ಎನ್ನಬಹುದು. ನಿಮ್ಮ ಪರವಾಗಿ ಬೇರೆ ಯಾರೂ ಕೇಳುವಂತಿಲ್ಲ.

“ಇನ್ನೊಂದು ವಿಷಯ ಕೇಳ್ತಿದ್ದಾರೆ ಅಮ್ಮ. ನೋವು ಕಡಿಮೆ ಮಾಡೋ ಡಾಕ್ಟ್ರು, ನರ್ಸುಗಳ ತಂಡ ಬೇರೆ ಇದೆ, ಪ್ಯಾಲಿಯೇಟಿವ್ ಕೇರ್ ಅಂತಾರೆ. ಮೊದಲನೇ ದಿನಾನೇ ಕಳಿಸ್ತೀವಿ ಅಂದ್ರಂತೆ. ನೀವು ಬೇಡ ಅಂದ್ರಿ ಅಂತ ಇಲ್ಲಿ ಬರ್ದಿದೆ. ಯಾಕೆ ಬೇಡ ಅಂದ್ರಿ?”

“ನಾನು? ನಾ ಯಾವಾಗ ಬ್ಯಾಡ ಅಂದೆ?”

ಶರಣವ್ವ ಮಗನ ಕಡೆ ತಿರುಗಿದಳು.

“ನಾನ ಅಂದೆ ಅವ್ವ,” ಎಂದ ಶಿವಶರಣ. “ಅದಕ್ಕ ಹೂಂ ಅಂದ್ರ ನಿನ್ನ ಕೈಬಿಟ್ಟಂಗ ಅನ್ಕೊಂಡೆ.”

“ಎಷ್ಟ ಮಂದಿಗೆ ಸಾವಿನ ಸುದ್ದಿ ಮುಟ್ಟಿಸೀನೋ ನಾ. ಒಂದಕ್ಷರ ತಿದ್ದಿಲ್ಲ. ಕೇಳಿದವ್ರು ಅತ್ತು, ಆಮ್ಯಾಲ ಬಸ್ಸು ಎಷ್ಟೊತ್ತಿಗದ ಅಂತ ನನ್ನ ಕೇಳತಿದ್ರು. ತಡಕೋತಾರಪಾ ಮಂದಿ. ನನಗ ಬಂದ ಕಾಲ್ ಅದು. ನಡುವ ನೀ ಯಾಕ ಕಟ್ ಮಾಡಿದಿ?”

ಪದ್ಮಜಾ ಅದನ್ನೂ ಇಂಗ್ಲಿಷಿನಲ್ಲಿ ಡಾಕ್ಟರಿಗೆ ಹೇಳಿದರು. ಒಂದಕ್ಷರ ಬಿಡಲಿಲ್ಲ.

ಆ ವಾರವೇ ನೋವಿನ ತಂಡ ಮನೆಗೆ ಬಂತು. ಸರಿಯಾದ ಮದ್ದು, ಸರಿಯಾದ ಅಳತೆ. ನಾಲ್ಕನೇ ದಿನ ಶರಣವ್ವ ರೊಟ್ಟಿ ಬೇಡಿ ತಿಂದಳು.

“ಆ ಔಷಧದ ವಿಚಾರ ಏನ್ ಮಾಡೂದವ್ವ?” ಎಂದ ಶಿವಶರಣ. ಆ ಪ್ರಶ್ನೆಯನ್ನು ಅವನು ನೇರವಾಗಿ ಕೇಳಿದ್ದು ಅದೇ ಮೊದಲು.

“ಬೇಕಾದಾಗ ಕೇಳತೇನಿ. ಕೇಳಾವಕಿ ನಾನ ಅಂತ ಗೊತ್ತಾತಲ್ಲ. ಸದ್ಯಕ್ಕ ಚಾ ತಾ.”

ಆಮೇಲೆ ಮನೆಯಲ್ಲಿ ಎಕ್ಸ್‌ಚೇಂಜಿನ ಕಥೆಗಳೇ. ಮೂರು ನಿಮಿಷದ ಟ್ರಂಕ್ ಕಾಲಿನಲ್ಲಿ ಎರಡು ನಿಮಿಷ ಬರೀ ಹಲೋ ಅಂದವರು. ಸಿಂದಗಿಯಿಂದ ದಿನಾ ಹನ್ನೊಂದಕ್ಕೆ ಫೋನ್ ಮಾಡಿ ಹೆಂಡತಿಗೆ ಏನು ಅಡುಗೆ ಅಂತಷ್ಟೇ ಕೇಳುತ್ತಿದ್ದ ಮಾಸ್ತರು. ವಿಜಯಶ್ರೀ ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಶರಣವ್ವ ಆ ಔಷಧವನ್ನು ಡಾಕ್ಟರ ಬಳಿ ಕೊನೆಗೂ ಕೇಳಲಿಲ್ಲ. ಕೇಳಿದ್ದರೆ ಅದೂ ಅವಳದೇ ತೀರ್ಮಾನವಾಗಿರುತ್ತಿತ್ತು. ಮನೆಯಲ್ಲೇ, ನೋವಿಲ್ಲದೆ ತೀರಿಕೊಂಡಳು.

ಓದುತ್ತಿರುವವರೇ, ನಿಮ್ಮ ಅಪ್ಪ ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ ಆಸ್ಪತ್ರೆಯಲ್ಲಿ ದುಭಾಷಿಯನ್ನು ಕೇಳಿ. ನೀವು ಮಗನಾಗಿ, ಮಗಳಾಗಿ ಪಕ್ಕದಲ್ಲಿ ಕೂತರೆ ಸಾಕು. ನೋವಿನ ಆರೈಕೆ ಎಂದರೆ ಕೈಬಿಡುವುದಲ್ಲ, ಕಾಯಿಲೆ ಗೊತ್ತಾದ ದಿನವೇ ಅದನ್ನು ಕೇಳಬಹುದು. ಯಾರಾದರೂ ಸಾಯುವ ಔಷಧ ಬೇಕು ಎಂದರೆ ಬೈಯಬೇಡಿ, ಬಾಯಿ ಮುಚ್ಚಿಸಬೇಡಿ. ಅವರಿಗೆ ಎಲ್ಲ ತಿಳಿದಿದೆಯೇ, ನೋವಿಗೆ ಮದ್ದು ಸಿಕ್ಕಿದೆಯೇ ನೋಡಿ. ಆಮೇಲೆ ಅವರ ಮಾತನ್ನು ಅವರೇ ಆಡಲಿ.

ನೋವು ತಗ್ಗಿದ ಮೇಲೆ ಶರಣವ್ವ ಬದುಕಿದ್ದು ನಲವತ್ತಮೂರು ದಿನ. ಮಗ ‘ಬೇಡ’ ಎಂದ ದಿನದಿಂದ ಪದ್ಮಜಾ ಬಂದ ದಿನದವರೆಗೆ ಕಳೆದುಹೋದದ್ದು ಅರವತ್ತೆಂಟು.