ಬ್ಯಾಡಗಿಯ ಮುಲಾಮು ಡಬ್ಬಿಯ ಪ್ರತಾಪ

ನಾನು ಒಂದು ಹಿತ್ತಾಳೆಯ ಮುಲಾಮು ಡಬ್ಬಿ. ನನ್ನ ಮುಚ್ಚಳ ತಿರುಗಿಸಿದರೆ ಸಾಕು, ಬ್ಯಾಡಗಿಯಿಂದ ಹುಬ್ಬಳ್ಳಿಯವರೆಗಿನ ತಲೆನೋವುಗಳೆಲ್ಲ ಚಪ್ಪಲಿ ಬಿಟ್ಟು ಓಡುತ್ತಿದ್ದವು. ಒಮ್ಮೆ ರೈಲೊಂದು ತಲೆನೋವು ಬಂದು ದಾರಿಯಲ್ಲೇ ನಿಂತಿತ್ತು. ನನ್ನ ವಾಸನೆ ಬಡಿದದ್ದೇ ತಡ, ಕೂಗು ಹಾಕಿ ಹೊರಟಿತು.

ನಾನು ಹುಟ್ಟಿದ್ದು ಕಂಚುಗಾರರ ಓಣಿಯಲ್ಲಿ. ಲಕ್ಷ ಏಟು ಬಿದ್ದರೂ ಅಳಲಿಲ್ಲ. ಪಂಡಿತರೊಬ್ಬರು ಜೇನುಮೇಣ, ಕರ್ಪೂರ, ಪುದೀನಾ ಹೂ ಕಾಸಿ ನನ್ನೊಳಗೆ ಸುರಿದರು. ಅವರಿಂದ ನನ್ನನ್ನು ಕೊಂಡವಳು ಪಾರ್ವತೆವ್ವ, ಆಗಿನ್ನೂ ಹೊಸ ಮದುಮಗಳು. ನಾನು ಖಾಲಿಯಾದಾಗಲೆಲ್ಲ ಮತ್ತೆ ತುಂಬಿಸಿಕೊಂಡು ಬರುತ್ತಿದ್ದಳು.

ಅವಳು ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸದವಳು. ತಿಂಗಳಿಗೊಮ್ಮೆ ಅರ್ಧ ತಲೆ ಸಿಡಿಯುತ್ತಿತ್ತು. ಬೆಳಕು ಕಂಡರಾಗದು, ಮೇಲೆ ವಾಂತಿ. ಮುಟ್ಟಾದ ಮೂರನೇ ದಿನ ತಲೆಗೆ ಎರೆದುಕೊಳ್ಳುವುದು ಆ ಮನೆಯ ಪದ್ಧತಿ. ಹಾಗಾಗಿ ಇದು ಒದ್ದೆ ತಲೆಯ ನೋವೆಂದು ಎಲ್ಲರೂ ತೀರ್ಮಾನಿಸಿದರು. ನಾನೂ ಹೂಂ ಅಂದೆ. ಬಸುರಿಯಾಗಿ ಮೂರು ತಿಂಗಳು ಕಳೆಯಿತು, ನೋವು ಮಾಯ. ಯಾರಿಂದ? ನನ್ನಿಂದ. ಹೆರಿಗೆಯಾಗಿ ಮುಟ್ಟು ಮರಳಿದಾಗ ನೋವೂ ಮರಳಿತು. ಆಗ ನಾನು ರಜೆಯಲ್ಲಿದ್ದೆ. ಐವತ್ತರ ಹೊತ್ತಿಗೆ ಹೇಳದೆ ಕೇಳದೆ ಬಂದು ಕಾಡಿದ ನೋವು, ಐವತ್ಮೂರಕ್ಕೆ ಸದ್ದಿಲ್ಲದೆ ಹೋಯಿತು. ಅದೂ ನನ್ನದೇ ಪ್ರತಾಪ.

ಆಮೇಲೆ ನಾನು ಮಗಳು ದಾಕ್ಷಾಯಣಿಯ ಕೈಗೆ ಬಂದೆ. ಅವಳಿಗೆ ಬಸ್ ಓಡಿಸುವ ಆಸೆ. ಡ್ರೈವರ್ ಹುದ್ದೆಯ ಪರೀಕ್ಷೆಯ ದಿನವೇ ತಲೆನೋವಿನಿಂದ ಕತ್ತಲೆ ಕೋಣೆಯಲ್ಲಿ ಬಿದ್ದುಕೊಂಡಳು. ಇನ್ನೊಂದೇ ಅವಕಾಶವಿತ್ತು, ನಾಲ್ಕು ತಿಂಗಳ ನಂತರ.

"ಒದ್ದಿ ತಲಿಲೆ ತಿರಗಬ್ಯಾಡ ಅಂದ್ರ ಕೇಳೂದಿಲ್ಲ ನೀ" ಎಂದಳು ಪಾರ್ವತೆವ್ವ.

"ಯವ್ವಾ, ನಾ ಇನ್ನೂ ಎರಕೊಂಡೇ ಇಲ್ಲ."

ತಾಯಿ ಮಗಳು ಊರಿನ ಲೇಡಿ ಡಾಕ್ಟರ ಬಳಿ ಹೋದರು; ಎಲ್ಲರೂ ಅವರನ್ನು ಡಾಕ್ಟರ್ ಬಾಯಿ ಅನ್ನುತ್ತಿದ್ದರು. ಪಾರ್ವತೆವ್ವ ನನ್ನನ್ನು ಮೇಜಿನ ಮೇಲಿಟ್ಟಳು. "ನನ್ನ ತಲಿನೋವು ಈ ಡಬ್ಬಿನ ಕಳದೇತ್ರಿ. ಇಕಿ ಸರಿಯಾಗಿ ಹಚ್ಕೊಳ್ಳೂದಿಲ್ಲ."

"ನಿಮ್ಮ ನೋವು ಯಾವಾಗ ಹೋತು?"

"ಮುಟ್ಟು ನಿಂತ ಮ್ಯಾಲ್ರಿ."

"ಡಬ್ಬಿ ಬಂದು ಎಷ್ಟು ವರ್ಷ ಆತು?"

"ಮೂವತ್ತು."

ಡಾಕ್ಟರ್ ಬಾಯಿ ನಕ್ಕರು. "ಮೂವತ್ತು ವರ್ಷ ಮಲಗಿತ್ತೇನು ಮತ್ತ ಇದು?"

ನನ್ನ ಮುಖ ಕೆಂಪಗಾಯಿತು. ಹಿತ್ತಾಳೆಯಾದ್ದರಿಂದ ಯಾರಿಗೂ ತಿಳಿಯಲಿಲ್ಲ.

ಅವರು ಬಿಡಿಸಿ ಹೇಳಿದರು. ಮುಟ್ಟು ಹತ್ತಿರ ಬಂದಾಗ ಈಸ್ಟ್ರೋಜನ್ ಎಂಬ ಹಾರ್ಮೋನು ಥಟ್ಟನೆ ಇಳಿಯುತ್ತದೆ. ಕೆಲವು ಹೆಂಗಸರಿಗೆ ಆ ಇಳಿತವೇ ಮೈಗ್ರೇನ್ ತರುತ್ತದೆ. ಬಸುರಿನಲ್ಲಿ ಆ ಹಾರ್ಮೋನು ಏರಿಯೇ ಇರುವುದರಿಂದ ಎಷ್ಟೋ ಜನಕ್ಕೆ ನೋವು ತಗ್ಗುತ್ತದೆ. ಮುಟ್ಟು ನಿಲ್ಲುವ ಕಾಲದಲ್ಲಿ ಹಾರ್ಮೋನು ಏರಿಳಿಯುವುದರಿಂದ ನೋವು ಕಾಡಿ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಶಾಂತವಾಗುತ್ತದೆ.

"ಕ್ಯಾಲೆಂಡರ್‌ನ್ಯಾಗ ಮುಟ್ಟು, ತಲಿನೋವು ಎರಡೂ ಗುರುತು ಹಾಕು. ಮೂರು ತಿಂಗಳು ನೋಡೂಣು."

ಗುರುತುಗಳು ಜೋಡೆತ್ತುಗಳ ಹಾಗೆ ಪ್ರತಿ ತಿಂಗಳೂ ಜೊತೆಗೇ ಬಂದವು. ಲೆಕ್ಕ ಹಾಕಿದರೆ, ಎರಡನೇ ಪರೀಕ್ಷೆಯೂ ಮುಟ್ಟಿನ ದಿನಕ್ಕೇ ಬೀಳುತ್ತಿತ್ತು. ಡಾಕ್ಟರ್ ಬಾಯಿ ಬರೆದುಕೊಟ್ಟ ಗುಳಿಗೆಯನ್ನು ಅವರು ಹೇಳಿದಂತೆ ಎರಡು ದಿನ ಮೊದಲೇ ಶುರು ಮಾಡಿದಳು. ಪರೀಕ್ಷೆಯ ಬೆಳಿಗ್ಗೆ ನೋವು ಬಂತು. ಬಾಗಿಲಲ್ಲಿ ನಿಂತಿತು, ಒಳಗೆ ಕಾಲಿಡಲಿಲ್ಲ. ದಾಕ್ಷಾಯಣಿ ಎಂಟರ ಆಕಾರದಲ್ಲಿ ಬಸ್ ತಿರುಗಿಸಿ ಪಾಸಾದಳು.

ಅಂದು ನಾನು ಅವಳ ಚೀಲದಲ್ಲಿದ್ದೆ, ಸ್ಟೀರಿಂಗ್ ನಾನೇ ಹಿಡಿದಿದ್ದೆ ಎಂದು ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದೆ. ಸುಳ್ಳು. ಅವಳು ನನ್ನನ್ನು ಮನೆಯ ಗೂಡಿನಲ್ಲೇ ಬಿಟ್ಟು ಹೋಗಿದ್ದಳು. ಈಗಲೂ ಅಲ್ಲೇ ಇದ್ದೇನೆ, ಹೊಟ್ಟೆಯಲ್ಲಿ ಸೇಫ್ಟಿ ಪಿನ್ನು ತುಂಬಿಕೊಂಡು. ನಿಜ ಹೇಳುತ್ತೇನೆ: ಮೂವತ್ತು ವರ್ಷದಲ್ಲಿ ಒಂದು ತಲೆನೋವನ್ನೂ ಓಡಿಸಿದವನಲ್ಲ ನಾನು. ಸ್ವಲ್ಪ ತಂಪು ಕೊಟ್ಟಿದ್ದೆ, ಅಷ್ಟೇ.